‘60 ಮೀಟರ್ ವಾಟರ್‌ಪ್ರೂಫ್’ ಎಂದು ಮಾರುವ ಅಗ್ಗದ ಹೌಸಿಂಗ್ ಕೊಳ್ಳುವ ಮುನ್ನ ಓದಿ

ನೇತ್ರಾಣಿಗೋ ಅಂಡಮಾನಿಗೋ ಸ್ಕೂಬಾ ಡೈವಿಂಗ್‌ಗೆ ಹೊರಟು, ಆ್ಯಕ್ಷನ್ ಕ್ಯಾಮೆರಾಕ್ಕೆ ಆನ್‌ಲೈನಿನಲ್ಲಿ ಅಗ್ಗದ ವಾಟರ್‌ಪ್ರೂಫ್ ಹೌಸಿಂಗ್ (ಕ್ಯಾಮೆರಾವನ್ನು ಒಳಗಿಟ್ಟು ಮುಚ್ಚುವ, ನೀರು ತೂರದ ಪೆಟ್ಟಿಗೆ) ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿದ ಮೇಲೆಯೇ ಹಣ ಕಟ್ಟಿ. ನನ್ನ ವಿಷಯದಲ್ಲಿ ಹಾಳಾದದ್ದು ನನ್ನ ಕ್ಯಾಮೆರಾವೂ ಅಲ್ಲ, ಭಾವನವರದು. ಅದಕ್ಕಾಗಿಯೇ ಸಿಟ್ಟು ಇನ್ನೂ ಇಳಿದಿಲ್ಲ.

ಅದು ಗೋಪ್ರೊ ಹೀರೊ 7 ಬ್ಲ್ಯಾಕ್, 2018ರ ಮಾದರಿ. ಹೌಸಿಂಗ್ ಇಲ್ಲದೆ ಅದು 10 ಮೀಟರ್ ಆಳದವರೆಗೆ ಮಾತ್ರ ನೀರು ತಡೆಯುತ್ತದೆ. ಅಷ್ಟು ಆಳದಲ್ಲಿ ಒತ್ತಡ ಮೇಲ್ಮೈಯಲ್ಲಿರುವುದರ ಎರಡರಷ್ಟಾಗುತ್ತದೆ. ಓಪನ್ ವಾಟರ್ ಸರ್ಟಿಫಿಕೇಟ್ (ಸ್ಕೂಬಾ ತರಬೇತಿಯ ಮೊದಲ ಹಂತದ ಪ್ರಮಾಣಪತ್ರ) ಇದ್ದವರು 18 ಮೀಟರ್‌ವರೆಗೂ ಇಳಿಯುತ್ತಾರಾದ್ದರಿಂದ ಹೌಸಿಂಗ್ ಬೇಕೇ ಬೇಕು. ಕಂಪನಿಯದೇ ಹೌಸಿಂಗ್ ಈ ಹಳೆಯ ಮಾದರಿಗೆ ಸುಲಭವಾಗಿ ಸಿಗದ ಕಾರಣ, ತೇಲುವ ಹಿಡಿಕೆ, ಕೆಂಪು ಫಿಲ್ಟರ್, ಆ್ಯಂಟಿ-ಫಾಗ್ ಪಟ್ಟಿಗಳೆಲ್ಲ ಸೇರಿದ ಒಂದು ಸೆಟ್ ತರಿಸಿದೆ. ಮಾರಾಟದ ಪುಟದಲ್ಲಿ ‘60 ಮೀಟರ್ ವಾಟರ್‌ಪ್ರೂಫ್, ಪರೀಕ್ಷಿಸಲಾಗಿದೆ’ ಎಂದು ದಪ್ಪ ಅಕ್ಷರಗಳಲ್ಲಿತ್ತು. ಕ್ಯಾಮೆರಾದ ಲೆನ್ಸ್ ಕವರ್ ತೆಗೆದೇ ಹೌಸಿಂಗ್ ಒಳಗೆ ಇಡಬೇಕು ಎಂದು ಜೊತೆಗಿದ್ದ ಚೀಟಿ ಹೇಳುತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ನೀರಿಗಿಳಿದೆವು. ಸುಮಾರು 12 ಮೀಟರ್ ಆಳದಲ್ಲಿ, ಬಂಡೆಯ ಸಂದಿನಲ್ಲಿದ್ದ ಮೀನುಗಳ ಕಡೆಗೆ ಕ್ಯಾಮೆರಾ ತಿರುಗಿಸಿದಾಗ ಹೌಸಿಂಗಿನ ಗಾಜು ಒಳಗಿನಿಂದ ಮಂಜಾಗಿರುವುದು ಕಂಡಿತು. ಮರುಕ್ಷಣ ನೋಡಿದರೆ ತಳದಲ್ಲಿ ನೀರಿನ ಒಂದು ಗೆರೆ. ಕ್ಯಾಮೆರಾ ಓರೆಯಾದಾಗ ಗೆರೆಯೂ ಓರೆಯಾಗುತ್ತಿತ್ತು, ಗೆರೆ ಮೇಲೇರುತ್ತಲೂ ಇತ್ತು. ಹಾಗೆಂದು ಒಮ್ಮೆಲೇ ಮೇಲೆ ಬರುವಂತಿಲ್ಲ. ನಿಧಾನವಾಗಿ ಏರಿ, 5 ಮೀಟರ್ ಆಳದಲ್ಲಿ 3 ನಿಮಿಷ ಸೇಫ್ಟಿ ಸ್ಟಾಪ್ (ಮೈಯಲ್ಲಿ ಕರಗಿದ ಸಾರಜನಕ ಹೊರಹೋಗಲೆಂದು ನಿಲ್ಲುವುದು) ಮಾಡಲೇಬೇಕು. ಆ ಮೂರು ನಿಮಿಷವೂ ಭಾವನವರ ಕ್ಯಾಮೆರಾ ಉಪ್ಪುನೀರಿನಲ್ಲಿ ಮುಳುಗುವುದನ್ನು, ಪರದೆಯ ಮೇಲೆ ಪಟ್ಟೆಗಳೆದ್ದು ಅದು ಆರಿಹೋಗುವುದನ್ನು ನೋಡುತ್ತಾ ನಿಂತಿದ್ದೆ. ಮೇಲೆ ಬಂದ ಕೂಡಲೇ ಬ್ಯಾಟರಿ ತೆಗೆದು ಸಿಹಿನೀರಿನಲ್ಲಿ ತೊಳೆದೆ. ಏನೂ ಪ್ರಯೋಜನವಾಗಲಿಲ್ಲ.

ಇನ್ನು ಮಾರಾಟಗಾರರ ಉತ್ತರಗಳು. ಮೊದಲ ಉತ್ತರ: ‘ಸರ್, ನೀವು ಲಾಕ್ ಸರಿಯಾಗಿ ಹಾಕಿಲ್ಲ.’ ದೋಣಿಯಲ್ಲಿ ಕೊಂಡಿ ಹಾಕಿದ್ದನ್ನು ನಮ್ಮ ಇನ್‌ಸ್ಟ್ರಕ್ಟರ್ ಫೋನಿನಲ್ಲಿ ಚಿತ್ರೀಕರಿಸಿದ್ದರು, ಅದನ್ನು ಕಳಿಸಿದೆ. ಆಗ ಬಂದದ್ದು: ‘ಸರ್, ನಿಮ್ಮ ಕ್ಯಾಮೆರಾವೇ ವಾಟರ್‌ಪ್ರೂಫ್ ಅಲ್ಲವೇ? ಒಳಗೆ ನೀರು ಹೋಗಿದ್ದರೆ ಕ್ಯಾಮೆರಾದ್ದೇ ದೋಷ.’ ಇದನ್ನು ಓದಿದಾಗ ನನ್ನನ್ನು ಎಷ್ಟು ಸಲೀಸಾಗಿ ಮೋಸಗೊಳಿಸಿದ್ದಾರೆಂಬುದು ಅರ್ಥವಾಯಿತು. ಲೆನ್ಸ್ ಕವರ್ ಇಲ್ಲದಿದ್ದರೆ ಹೀರೊ 7 ವಾಟರ್‌ಪ್ರೂಫ್ ಆಗಿ ಉಳಿಯುವುದೇ ಇಲ್ಲ. ಅದನ್ನು ತೆಗೆಯಿರಿ ಎಂದದ್ದು ಅವರದೇ ಚೀಟಿ! ಆ ಚೀಟಿಯ ಫೋಟೊ ಕಳಿಸಿದ ಮೇಲೆ ಮೂರನೆಯ ಉತ್ತರ: ‘ರಿಟರ್ನ್ ಅವಧಿ ಮುಗಿದಿದೆ.’ ಬೆಂಗಳೂರಿನಲ್ಲಿ ಕೊಂಡವನು 7 ದಿನಗಳೊಳಗೆ ಸಮುದ್ರಕ್ಕೆ ಇಳಿಯುವುದಿಲ್ಲವೆಂಬುದು ಅವರಿಗೆ ಚೆನ್ನಾಗಿಯೇ ಗೊತ್ತು. ಅದೇ ಅವರ ಧೈರ್ಯ.

ಮನೆಗೆ ಬಂದು ಬೆಳಕಿನಲ್ಲಿ ಹೌಸಿಂಗಿನ ಗ್ಯಾಸ್ಕೆಟ್ (ಮುಚ್ಚಳದ ಅಂಚಿನಲ್ಲಿ ನೀರು ತಡೆಯುವ ರಬ್ಬರ್ ಪಟ್ಟಿ) ಹೊರತೆಗೆದು ನೋಡಿದೆ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ರಬ್ಬರ್ ಅದಾಗಿರಲಿಲ್ಲ; ಉದ್ದದ ಪಟ್ಟಿಯೊಂದನ್ನು ಕತ್ತರಿಸಿ ಮೂಲೆಯಲ್ಲಿ ಗಮ್ ಹಾಕಿ ಅಂಟಿಸಿದ್ದರು, ಅಂಟು ಬಿಟ್ಟ ಜಾಗದಲ್ಲಿ ಉಗುರು ತೂರುತ್ತಿತ್ತು. ಅಷ್ಟರಲ್ಲಿ ಮಾರಾಟದ ಪುಟದಲ್ಲಿದ್ದ 60 ಮೀಟರ್ ಸದ್ದಿಲ್ಲದೆ 30 ಮೀಟರ್ ಆಗಿತ್ತು. ಹಳೆಯ ಪುಟದ ಸ್ಕ್ರೀನ್‌ಶಾಟ್ ನನ್ನ ಬಳಿ ಇದೆ. ಭಾವನವರು ‘ಹೋಗಲಿ ಬಿಡು, ನಿನಗೇನೂ ಆಗಲಿಲ್ಲವಲ್ಲ’ ಎಂದರು. ಆ ಮಾತು ಕೇಳಿ ನನಗೆ ಇನ್ನಷ್ಟು ನಾಚಿಕೆಯಾಯಿತು.

ಕೊಳ್ಳಲೇಬೇಕೆಂದಿದ್ದರೆ ಪಾರ್ಸೆಲ್ ಬಂದ ದಿನವೇ ಹೌಸಿಂಗ್ ಒಳಗೆ ಕ್ಯಾಮೆರಾ ಬದಲು ಟಿಶ್ಯೂ ಕಾಗದ ಇಟ್ಟು, ಬಕೆಟ್ ನೀರಿನಲ್ಲಿ ಭಾರ ಹೇರಿ ಕೆಲವು ಗಂಟೆ ಮುಳುಗಿಸಿ. ಬಕೆಟ್ಟಿನಲ್ಲಿ ಸಮುದ್ರದ ಒತ್ತಡ ಇರುವುದಿಲ್ಲ, ನಿಜ. ಆದರೆ ಅಲ್ಲಿಯೇ ಕಾಗದ ಒದ್ದೆಯಾದರೆ ಹಿಂದಿರುಗಿಸಲು ಇನ್ನೂ ಸಮಯವಿರುತ್ತದೆ. ಗ್ಯಾಸ್ಕೆಟ್ಟಿನಲ್ಲಿ ಎಲ್ಲಾದರೂ ಜೋಡಣೆ ಕಂಡರೆ ಯೋಚಿಸದೆ ವಾಪಸ್ ಕಳಿಸಿ. ಡೈವಿಂಗ್‌ನಲ್ಲಿಯೂ ಮೊದಲ ಸಲ ಹೌಸಿಂಗನ್ನು ಖಾಲಿಯಾಗಿಯೇ ಕೆಳಗೆ ಒಯ್ಯಿರಿ. ಮಾರಾಟದ ಪುಟದ ಸ್ಕ್ರೀನ್‌ಶಾಟ್ ಅನ್ನು ಹಣ ಕಟ್ಟುವ ಮೊದಲೇ ತೆಗೆದಿಟ್ಟುಕೊಳ್ಳಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಅದನ್ನು ಪರಿಹರಿಸಬೇಕು. ಈಗ ಅವರು ಹೌಸಿಂಗಿನ ಬೆಲೆಗೆ ಕೂಪನ್ ಕೊಡುತ್ತಾರಂತೆ, ಅದಕ್ಕೆ ನಾನು ದೂರು ಹಿಂಪಡೆಯಬೇಕಂತೆ! ನಿರಾಕರಿಸಿದ್ದೇನೆ, ಕ್ಯಾಮೆರಾದ ಬೆಲೆ ಕೇಳಿ ಗ್ರಾಹಕ ಆಯೋಗಕ್ಕೆ ಅರ್ಜಿ ಬರೆಯುತ್ತಿದ್ದೇನೆ. ಇಂಥದೇ ಸೆಟ್ ಕೊಂಡು ಕ್ಯಾಮೆರಾ ಕಳೆದುಕೊಂಡವರಿದ್ದರೆ ಹೌಸಿಂಗ್ ಎಸೆಯಬೇಡಿ. ಬಿಲ್ಲನ್ನೂ ಗ್ಯಾಸ್ಕೆಟ್ಟಿನ ಫೋಟೊವನ್ನೂ ಇಟ್ಟುಕೊಂಡು ನನಗೆ ಬರೆಯಿರಿ.