ಹತ್ತು ಸಾವಿರದೊಳಗೆ ಕೌನ್ಸೆಲಿಂಗ್ ಸೆಶನ್ ರೆಕಾರ್ಡಿಂಗ್: ಲ್ಯಾಮಿಂಗ್ಟನ್ ರೋಡಿಂದ ತಂದದ್ದು, ತರದೇ ಬಿಟ್ಟದ್ದು

ಮೊದಲೇ ಹೇಳ್ತೇನೆ, ಇದು ಯೂಟ್ಯೂಬ್ ಮಾಡುವವರಿಗಲ್ಲ. ನಾನು ಮುಂಬಯಿಯಲ್ಲಿ ಕೌನ್ಸೆಲಿಂಗ್ ಡಿಪ್ಲೊಮಾ ಮಾಡ್ತಾ ಇದ್ದೇನೆ, ಮಾಟುಂಗದಲ್ಲಿ ಒಂದು ಸಣ್ಣ ಕೋಣೆಯಲ್ಲಿ ವಾರಕ್ಕೆ ಮೂರು ದಿನ ಸೆಶನ್ ಉಂಟು, ತಿಂಗಳಿಗೆ ಎರಡು ಸೆಶನ್ ರೆಕಾರ್ಡ್ ಮಾಡಿ ಸೂಪರ್‌ವೈಸರ್ ಮೇಡಂಗೆ ಕೇಳಿಸ್ಬೇಕು. ನೋಟ್ಸ್ ಬರ್ಕೊಂಡು ಹೋದ್ರೆ ಆಗುದಿಲ್ಲ, ನೆನಪಿಂದ ಬರೆಯುವಾಗ ನಾವೆಲ್ಲ ಭಾರೀ ಒಳ್ಳೇ ಕೌನ್ಸೆಲರ್‌ಗಳೇ ಅಲ್ವಾ! ಕಾರ್ಲ್ ರೋಜರ್ಸ್ ಅನ್ನುವ ಸೈಕಾಲಜಿಸ್ಟ್ 1940ರ ಸುಮಾರಿಗೇ ಅಮೆರಿಕದಲ್ಲಿ ಗ್ರಾಮಫೋನ್ ಡಿಸ್ಕಲ್ಲಿ, ಅದೂ ಕೆಲವೇ ನಿಮಿಷಕ್ಕೊಮ್ಮೆ ಡಿಸ್ಕ್ ಬದಲಿಸ್ತಾ, ಸೆಶನ್ ರೆಕಾರ್ಡ್ ಮಾಡಿದವರು. 1942ರಲ್ಲಿ ಒಂದು ಕೇಸಿನ ಮಾತೆಲ್ಲ ಪ್ರಿಂಟಲ್ಲೇ ಹಾಕಿದ್ರು. ಅವರ ಪಾಡಿಗೆ ಹೋಲಿಸಿದ್ರೆ ನಮ್ಮದೆಂತ ಕಷ್ಟ ಅಂದ್ಕೊಂಡು ಹೊರಟೆ. ಕಷ್ಟ ಉಂಟು.

ಬಜೆಟ್ ಹತ್ತು ಸಾವಿರ. ಚಿಕ್ಕಮ್ಮನ ಮಗ ಕಾಂದಿವಲಿಯಲ್ಲಿ ಮದುವೆ ವಿಡಿಯೋ ಮಾಡುವವ, "ಅಕ್ಕಾ ನೀನು ಸುಮ್ನೆ ದುಡ್ಡು ಹಾಳು ಮಾಡ್ಬೇಡ, ನನ್ನ ಹಳೇ ಡಿಎಸ್‌ಎಲ್‌ಆರ್ ತಗೊಂಡು ಹೋಗು" ಅಂತ ಕೊಟ್ಟ. ತಗೊಂಡು ಹೋದೆ. 50 ನಿಮಿಷದ ಸೆಶನ್, ಕ್ಯಾಮೆರಾ ಸರಿಯಾಗಿ 29 ನಿಮಿಷ 59 ಸೆಕೆಂಡಿಗೆ ತನ್ನಷ್ಟಕ್ಕೆ ನಿಂತಿದೆ, ನನಗೆ ಗೊತ್ತಾದದ್ದು ಕ್ಲೈಂಟ್ ಎದ್ದು ಹೋದ ಮೇಲೆ. ಹಾಳಾದದ್ದಲ್ಲ ಮಾರಾಯ್ರೆ, ಆ ಕಾಲದ ತುಂಬಾ ಸ್ಟಿಲ್ ಕ್ಯಾಮೆರಾಗಳು ಹಾಗೇ. ಯುರೋಪಿನಲ್ಲಿ 30 ನಿಮಿಷಕ್ಕಿಂತ ಹೆಚ್ಚು ರೆಕಾರ್ಡ್ ಮಾಡುದನ್ನು ವಿಡಿಯೋ ಕ್ಯಾಮೆರಾ ಅಂತ ಲೆಕ್ಕ ಹಾಕಿ ಜಾಸ್ತಿ ಸುಂಕ ಹಾಕ್ತಿದ್ರಂತೆ, ಅದಕ್ಕೆ ಕಂಪೆನಿಗಳು ಒಂದು ಸೆಕೆಂಡ್ ಕಡಿಮೆಗೆ ನಿಲ್ಲಿಸಿಬಿಡ್ತಿದ್ವು. ಅವರ ಸುಂಕಕ್ಕೆ ಮಾಟುಂಗದಲ್ಲಿ ನನ್ನ ಅರ್ಧ ಸೆಶನ್ ಹೋಯ್ತು.

ಆಮೇಲೆ ಮೇಡಂ ಒಂದೇ ಮಾತು ಹೇಳಿದ್ರು, "ವಿಡಿಯೋ ಇಲ್ಲದಿದ್ರೆ ನಡೀತದೆ, ಆಡಿಯೋ ಇಲ್ಲದಿದ್ರೆ ನನಗೆಂತ ಕೆಲಸ?" ಅಲ್ಲಿಗೆ ನನ್ನ ಲಿಸ್ಟ್ ಉಲ್ಟಾ ಆಯ್ತು. ದುಡ್ಡೆಲ್ಲ ಆಡಿಯೋಗೆ, ವಿಡಿಯೋಗೆ ಮನೆಯಲ್ಲಿ ಬಿದ್ದಿದ್ದ ಹಳೇ ಫೋನ್.

ಒಂದು ಶನಿವಾರ ದಾದರಲ್ಲಿ ಲೈನ್ ಬದಲಿಸಿ ಗ್ರಾಂಟ್ ರೋಡಿಗೆ ಹೋದೆ, ಪೂರ್ವಕ್ಕೆ ಇಳಿದು ನಡೆದ್ರೆ ಲ್ಯಾಮಿಂಗ್ಟನ್ ರೋಡ್, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ. ಬೋರ್ಡಲ್ಲಿ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ್ ಅಂತ ಉಂಟು, ಹಾಗೆ ಕೇಳಿದ್ರೆ ಯಾರೂ ದಾರಿ ತೋರಿಸುದಿಲ್ಲ. ಕೇಬಲ್ಲು, ಮೈಕು, ಸಿಸಿಟಿವಿ, ಎಲ್ಲ ಒಂದರ ಮೇಲೊಂದು. ರೇಟ್ ಕೇಳಿದ ಕೂಡ್ಲೇ ಅವರ ಪ್ರಶ್ನೆ ಬಿಲ್ ಬೇಕಾ ಬೇಡ್ವಾ ಅಂತ. ಬಿಲ್ ತಗೊಳ್ಳಿ. ಬಿಲ್ ಇಲ್ಲದೆ ವಾರಂಟಿ ಕೇಳ್ಳಿಕ್ಕೆ ಯಾವ ಮುಖ ಇಟ್ಕೊಂಡು ಹೋಗುದು?

ತಗೊಂಡದ್ದು ಸೋನಿ ಐಸಿಡಿ-ಪಿಎಕ್ಸ್470 ಅನ್ನುವ ವಾಯ್ಸ್ ರೆಕಾರ್ಡರ್, ನನಗೆ 4,400ಕ್ಕೆ ಸಿಕ್ಕಿತು. ಒಳಗೇ 4 ಜಿಬಿ, ಬೇಕಾದ್ರೆ ಮೈಕ್ರೋ ಎಸ್‌ಡಿ ಹಾಕ್ಬಹುದು, ಎರಡು ಟ್ರಿಪಲ್ ಎ ಸೆಲ್, ಯುಎಸ್‌ಬಿ ಅದರ ಹೊಟ್ಟೆಯಿಂದಲೇ ಹೊರಗೆ ಬರ್ತದೆ, ಕೇಬಲ್ ಹುಡುಕುವ ರಗಳೆ ಇಲ್ಲ. 128 ಕೆಬಿಪಿಎಸ್ ಎಂಪಿ3ಯಲ್ಲಿ 50 ನಿಮಿಷ ಅಂದ್ರೆ ಸುಮಾರು 48 ಎಂಬಿ, ಮಾತು ಕೇಳ್ಳಿಕ್ಕೆ ಧಾರಾಳ ಸಾಕು. ಝೂಮ್ ಎಚ್1ಎನ್ ಅನ್ನುವ ರೆಕಾರ್ಡರ್ ಕೂಡ ಕೈಯಲ್ಲಿ ಹಿಡಿದು ನೋಡಿದೆ, ಆಸೆ ಆಯ್ತು, ಎರಡು ಮೈಕ್ ಅಡ್ಡಡ್ಡ ಇರುದ್ರಿಂದ ಕ್ಲೈಂಟ್ ಎಡಕ್ಕೆ ನಾನು ಬಲಕ್ಕೆ ಅಂತ ಇಯರ್‌ಫೋನಲ್ಲಿ ಬೇರೆ ಬೇರೆ ಕೇಳ್ತದೆ, ಸೆಶನ್ನಿನ ಮಾತು ಕೇಳಿ ಟೈಪ್ ಮಾಡುವಾಗ ಅದು ದೊಡ್ಡ ಉಪಕಾರ. ಆದ್ರೆ ರೇಟ್ ಸುಮಾರು ಡಬಲ್ ಹೇಳಿದ್ರು. ದುಡ್ಡಿದ್ದವರು ಅದನ್ನೇ ತಗೊಳ್ಳಿ.

ಬೋಯಾ ಬಿವೈ-ಎಂ1 ಕಾಲರ್ ಮೈಕ್ ಎಲ್ಲರೂ ಹೇಳುದು. ಕಡಿಮೆ ರೇಟು, ಆರು ಮೀಟರ್ ವೈರು, ಸೌಂಡ್ ಚೆನ್ನಾಗುಂಟು, ನಮ್ಮ ಮನೆಯಲ್ಲೇ ಒಂದುಂಟು. ಆದ್ರೆ ಯೋಚನೆ ಮಾಡಿ, ಮನಸ್ಸಿನ ಭಾರ ಹೇಳ್ಕೊಳ್ಳಿಕ್ಕೆ ಬಂದವರ ಎದೆ ಹತ್ರ ಕೈ ಹಾಕಿ ಕ್ಲಿಪ್ ಸಿಕ್ಕಿಸುದಾ? ಫ್ರೆಂಡ್ ಜೊತೆ ರೋಲ್ ಪ್ಲೇಯಲ್ಲಿ ಹಾಕಿ ನೋಡಿದೆ, ಅವಳ ದುಪ್ಪಟ್ಟಾ ಉಜ್ಜುವ ಸೌಂಡೇ ಮಾತಿಗಿಂತ ಜೋರು, ಮೇಲಿಂದ ಅವಳು ಐದು ನಿಮಿಷಕ್ಕೊಮ್ಮೆ ಮೈಕ್ ಮುಟ್ಟಿ ನೋಡ್ಕೊಳ್ತಾ ಇದ್ಲು. ಬೇಡ. ಮೇಜಿನ ಮೇಲೆ ಸುಮ್ಮನೆ ಬಿದ್ಕೊಂಡಿರುವ ರೆಕಾರ್ಡರನ್ನು ಹತ್ತು ನಿಮಿಷದಲ್ಲಿ ಎಲ್ಲರೂ ಮರೀತಾರೆ.

ಆದ್ರೆ ಎಲ್ಲಿ ಇಡುದು ಅನ್ನುದು ರೆಕಾರ್ಡರ್ ಎಷ್ಟರದ್ದು ಅನ್ನುದಕ್ಕಿಂತ ಮುಖ್ಯ. ದೂರ ಡಬಲ್ ಆದ್ರೆ ಮಾತಿನ ಸೌಂಡ್ ಸುಮಾರು 6 ಡೆಸಿಬಲ್ ಇಳೀತದೆ, ಫ್ಯಾನಿನ ಸೌಂಡ್ ಮಾತ್ರ ಇದ್ದಷ್ಟೇ ಇರ್ತದೆ, ಹಾಗಾಗಿ ಕಪಾಟಿನ ಮೇಲೆ ಇಟ್ರೆ ಬರುದು ಫ್ಯಾನಿನ ಸೆಶನ್. ಕ್ಲೈಂಟ್ ಕಡೆಗೆ ಸ್ವಲ್ಪ ಹತ್ರ ಇಡಿ, ಅವರ ಸ್ವರ ಸಣ್ಣ ಇರ್ತದೆ, ನಮ್ಮದು ಹೇಗೂ ಕೇಳ್ತದೆ. ರೆಕಾರ್ಡರಿನ ಕೆಳಗೆ ಒಂದು ಮಡಚಿದ ಟವೆಲ್ ಹಾಕಿ, ಇಲ್ಲಾಂದ್ರೆ ನೀರಿನ ಗ್ಲಾಸ್ ಇಟ್ಟದ್ದೆಲ್ಲ ಧಡ್ ಧಡ್ ಅಂತ ಮೇಜಿನಿಂದಲೇ ಹತ್ತಿ ಬರ್ತದೆ. ಮತ್ತೆ ಟಿಶ್ಯೂ ಬಾಕ್ಸ್! ಅದನ್ನು ರೆಕಾರ್ಡರ್ ಪಕ್ಕ ಇಡ್ಲೇಬೇಡಿ, ಒಂದು ಟಿಶ್ಯೂ ಎಳೆದ್ರೆ ಸಿಡಿಲು ಬಡಿದ ಹಾಗೆ, ಅದೂ ಸರಿಯಾಗಿ ಅವರು ಮುಖ್ಯವಾದ್ದು ಹೇಳುವ ಹೊತ್ತಿಗೇ. ಕಿಟಕಿಯ ಆಚೆ ಸೆಂಟ್ರಲ್ ಲೈನ್, ಅದಕ್ಕೆ ನನ್ನ ಹತ್ರ ಮದ್ದಿಲ್ಲ, ಫಾಸ್ಟ್ ಲೋಕಲ್ ಹೋಗುವಾಗ ನಾವೇ ಮಾತು ನಿಲ್ಲಿಸಿ ಕೂರ್ತೇವೆ.

ನಾನು ಮಾಡಿದ ದೊಡ್ಡ ತಪ್ಪು ಹೇಳ್ತೇನೆ. ಮೆನುವಿನಲ್ಲಿ ವಿಒಆರ್ ಅಂತ ಉಂಟು, ಸ್ವರ ಬಂದಾಗ ಮಾತ್ರ ರೆಕಾರ್ಡ್ ಆಗುದು, ಸೆಲ್ಲೂ ಜಾಗವೂ ಉಳೀತದಲ್ಲ ಅಂತ ಆನ್ ಮಾಡಿದೆ, ನಮ್ಮ ಊರವರ ಬುದ್ಧಿ ಎಲ್ಲಿ ಹೋಗ್ತದೆ. 50 ನಿಮಿಷದ ಸೆಶನ್ 41 ನಿಮಿಷ ಆಗಿ ಬಂತು. ಮೇಡಂ ಕೇಳ್ತಾ ಕೇಳ್ತಾ, ಇದೇನು ಇಷ್ಟು ಅವಸರದಲ್ಲಿ ಮಾತಾಡಿದ್ದೀರಿ, ಅವರಿಗೆ ಉಸಿರು ಬಿಡ್ಲಿಕ್ಕೂ ಬಿಟ್ಟಿಲ್ವಾ ಅಂತ ಕೇಳಿದ್ರು. ಬಿಟ್ಟಿದ್ದೆ, ಮೆಶಿನ್ ನುಂಗಿತ್ತು! ಆಫ್ ಮಾಡಿ ತಂದ ಮುಂದಿನ ರೆಕಾರ್ಡಿಂಗಲ್ಲಿ ಅವರು ಒಂದು ಕಡೆ ಪಾಜ್ ಒತ್ತಿ, "ಇಲ್ಲಿ 14 ಸೆಕೆಂಡ್ ಅವರು ಸುಮ್ಮನಿದ್ರು, 15ನೇದಕ್ಕೆ ನೀವು ಯಾಕೆ ಬಾಯಿ ಹಾಕಿದ್ರಿ?" ಅಂದ್ರು. ಅದಕ್ಕೆ ಉತ್ತರ ಇರ್ಲಿಲ್ಲ. ರೆಕಾರ್ಡಿಂಗ್ ಬೇಕಾಗುದೇ ಇಂಥದ್ದಕ್ಕೆ, ಹಾಗಾಗಿ ಯಾವ ಕಂಪೆನಿಯ ರೆಕಾರ್ಡರ್ ತಗೊಂಡ್ರೂ ಮೊದಲು ಆ ಸೆಟ್ಟಿಂಗ್ ಆಫ್.

ಫೋನ್ ವಿಡಿಯೋ 720ಪಿ ಸಾಕು. 1080ಪಿ ಹಾಕಿದ್ರೆ ನನ್ನ ಫೋನಲ್ಲಿ 50 ನಿಮಿಷಕ್ಕೆ ಆರು ಜಿಬಿ ದಾಟ್ತದೆ, 720ಪಿಯಲ್ಲಿ ಅದರ ಅರ್ಧಕ್ಕೆ ಮುಗೀತದೆ. ಫ್ರೇಮಲ್ಲಿ ನನ್ನ ಮುಖ ಮತ್ತು ಅವರ ಹೆಗಲಿನ ಹಿಂಭಾಗ ಮಾತ್ರ, ಸೂಪರ್‌ವಿಶನ್ ಬೇಕಾದದ್ದು ನನಗೆ, ಅವರಿಗಲ್ಲ. ಫ್ಲೈಟ್ ಮೋಡ್ ಹಾಕಿ, ಕ್ಲೌಡ್ ಬ್ಯಾಕಪ್ ಆಫ್ ಮಾಡಿ. ಆ ಹಳೇ ಫೋನಿನ ಅಕೌಂಟೇ ಮನೆಯ ಟಿವಿಯಲ್ಲೂ ಲಾಗಿನ್ ಇತ್ತು ಅಂತ ನೆನಪಾದದ್ದು ಸೆಶನ್ನಿನ ಹಿಂದಿನ ದಿನ ರಾತ್ರಿ, ಎದೆ ಧಸಕ್ಕಂದಿತು.

ಫೋನಿಗೆ ಹಾಕುವ ಮೆಮೊರಿ ಕಾರ್ಡಲ್ಲಿ ಟೋಪಿ ಹಾಕಿಸ್ಕೊಂಡೆ. ಫುಟ್‌ಪಾತಿಗೆ ತಾಗಿದ ಒಂದು ಅಂಗಡಿಯಲ್ಲಿ 128 ಜಿಬಿ 350 ರೂಪಾಯಿ ಅಂದ, ಬಿಲ್ ಇಲ್ಲ. ಮನೆಗೆ ಬಂದು ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಫ್ರೀ ಸಾಫ್ಟ್‌ವೇರಲ್ಲಿ ಚೆಕ್ ಮಾಡಿದ್ರೆ ನಿಜವಾಗಿ ಇದ್ದದ್ದು 8 ಜಿಬಿಗಿಂತ ಕಡಿಮೆ. ಇಂಥ ಕಾರ್ಡಿಗೆ ತುಂಬಿದ್ದೇ ಗೊತ್ತಾಗುದಿಲ್ಲ, ಬರೀತಾ ಇದ್ದ ಹಾಗೆ ತೋರಿಸ್ತದೆ, ಫೈಲ್ ಮಾತ್ರ ಓಪನ್ ಆಗುದಿಲ್ಲ. ಬಿಲ್ ಬಗ್ಗೆ ಅಷ್ಟುದ್ದ ಬುದ್ಧಿ ಹೇಳಿದವಳೇ ನಾನು, ಹೌದು. ಆಮೇಲೆ ಬಿಲ್ ಇರುವ 64 ಜಿಬಿ ತಗೊಂಡೆ.

ಕಾಗದದ ಕೆಲಸ ಚಿಕ್ಕದು, ಆದ್ರೆ ಬಿಡ್ಬಾರ್ದು. ಕನ್ಸೆಂಟ್ ಬೇರೆಯೇ ಒಂದು ಹಾಳೆಯಲ್ಲಿ, ಆಡಿಯೋ ಮಾತ್ರ ಅಂತ ಟಿಕ್ ಮಾಡುವ ಅವಕಾಶ, ಮಧ್ಯದಲ್ಲಿ ಬೇಡ ಅಂದ್ರೆ ಬಂದ್. 2017ರ ಮೆಂಟಲ್ ಹೆಲ್ತ್‌ಕೇರ್ ಆಕ್ಟಿನ 23ನೇ ಸೆಕ್ಷನ್ ಚಿಕಿತ್ಸೆಯ ಗೌಪ್ಯತೆ ಬಗ್ಗೆಯೇ ಉಂಟು, ಓದ್ಕೊಳ್ಳಿ. ಫೈಲ್ ವಾಟ್ಸಾಪಲ್ಲಿ ಕಳಿಸುದು ಬೇಡವೇ ಬೇಡ, ನಾನು ವೆರಾಕ್ರಿಪ್ಟ್ ಅನ್ನುವ ಫ್ರೀ ಸಾಫ್ಟ್‌ವೇರಲ್ಲಿ ಪಾಸ್‌ವರ್ಡ್ ಹಾಕಿ ಲಾಕ್ ಮಾಡಿ ಪೆನ್ ಡ್ರೈವಲ್ಲಿ ಕೈಯಾರೆ ಕೊಡ್ತೇನೆ, ಮತ್ತೆ ಸೂಪರ್‌ವಿಶನ್ ಆದ ಮೇಲೆ ಡಿಲೀಟ್. ಲೋಕಲಲ್ಲಿ ಕೂತು ಇಯರ್‌ಫೋನಲ್ಲಿ ಕೇಳ್ಬಹುದಲ್ಲ ಅಂತ ಕ್ಲಾಸಲ್ಲಿ ಒಬ್ಬರು ಕೇಳಿದ್ರು, ಇಯರ್‌ಫೋನ್ ಕಳಚಿದ್ರೆ ಇಡೀ ಡಬ್ಬಿಗೆ ಕೇಳ್ತದೆ ಮಾರಾಯ್ರೆ.

ರೆಕಾರ್ಡರ್, ಕಾರ್ಡ್, ಪೆನ್ ಡ್ರೈವ್, ಸೆಲ್ಲು, ಫೋನಿಗೆ ಟ್ರೈಪಾಡ್, ಟೋಪಿಯ 350ನ್ನೂ ಸೇರಿಸಿ ಏಳು ಸಾವಿರ ದಾಟ್ಲಿಲ್ಲ. ರೆಕಾರ್ಡರಿಗೆ ಐದರಲ್ಲಿ ನಾಲ್ಕೂವರೆ ಕೊಡ್ತೇನೆ. ಟ್ರೈಪಾಡಿಗೆ ಒಂದೂವರೆ, ಆರ್ನೂರು ರೂಪಾಯಿಯದ್ದು, ಒಂದು ಕಾಲು ಮೆಲ್ಲ ಮೆಲ್ಲ ಜಾರಿ ಅರ್ಧ ಗಂಟೆಯಲ್ಲಿ ವಿಡಿಯೋ ಓರೆ ಆಗಿ ಕಡೆಗೆ ಬರೀ ನನ್ನ ಕಿವಿ ಕಾಣ್ತದೆ. ಈಗ ಟೇಪ್ ಸುತ್ತಿದ್ದೇನೆ, ಬದಲಿಸ್ಲಿಕ್ಕೆ ಹೋಗ್ಬೇಕು, ಭಾನುವಾರ ಮಾತ್ರ ಪುರುಸೊತ್ತು, ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿ ಬಂದ್.