ಇಡೀ ಮರದ ಹಲಗೆ, ಪದರದ ಹಲಗೆ, ಲ್ಯಾಮಿನೇಟ್: ಮೂರರ ಮೇಲೂ ನಡೆದ ಅನುಭವ

ಮರದ ನೆಲ ಹಾಕಿಸಲು ಹೊರಟವರ ಕಿವಿಗೆ ಮೊದಲು ಬೀಳುವ ಮಾತು, ‘ಹಾಕಿಸುವುದಾದರೆ ಇಡೀ ಮರದ್ದೇ ಹಾಕಿಸಿ, ತಲೆಮಾರುಗಟ್ಟಲೆ ಬಾಳುತ್ತದೆ’ ಎಂಬುದು. ನಮ್ಮ ಮನೆಯ ಮಲಗುವ ಕೋಣೆಯಲ್ಲಿ ಇಡೀ ಓಕ್ ಹಲಗೆ, ಹಜಾರದಲ್ಲಿ ಓಕ್ ಪದರದ ಎಂಜಿನಿಯರ್ಡ್ ಹಲಗೆ (ಪ್ಲೈವುಡ್ ಮೇಲೆ ಅಸಲಿ ಮರದ ಪದರ ಅಂಟಿಸಿದ್ದು), ಓದುವ ಕೋಣೆಯಲ್ಲಿ ಲ್ಯಾಮಿನೇಟ್ ಇದೆ. ವರ್ಷಗಳಿಂದ ಮೂರನ್ನೂ ಗುಡಿಸಿ ಒರೆಸುತ್ತಿದ್ದೇನೆ. ಇನ್ನೊಂದು ಕೋಣೆಗೆ ಆರಿಸುವುದಿದ್ದರೆ ಪದರದ ಹಲಗೆಯನ್ನೇ ಆರಿಸುತ್ತೇನೆ.

ತಲೆಮಾರಿನ ಮಾತನ್ನು ಸ್ವಲ್ಪ ಅಳೆದು ನೋಡಬೇಕು. ಇಡೀ ಹಲಗೆಯ ದಪ್ಪ ಸುಮಾರು 19 ಮಿ.ಮೀ. ಸವೆದ ಮೇಲ್ಮೈಯನ್ನು ಉಜ್ಜಿ ತೆಗೆದು ಹೊಸದಾಗಿಸಬಹುದು ಎಂಬುದೇ ಆ ಮಾತಿನ ಆಧಾರ, ಆದರೆ ಅಷ್ಟು ದಪ್ಪವನ್ನೂ ಉಜ್ಜಲು ಸಿಗುವುದಿಲ್ಲ. ಒಂದು ಹಲಗೆಯ ಅಂಚಿನ ನಾಲಿಗೆ ಪಕ್ಕದ ಹಲಗೆಯ ತೋಡಿನಲ್ಲಿ ಕೂತಿರುತ್ತದೆ. ಉಜ್ಜುತ್ತ ಉಜ್ಜುತ್ತ ಆ ತೋಡಿನ ಮಟ್ಟಕ್ಕೆ ಇಳಿದರೆ ಅಂಚು ಒಡೆಯುತ್ತದೆ, ಮೊಳೆಯ ತಲೆ ಹೊರಬರುತ್ತದೆ. ಬಳಕೆಗೆ ಬರುವುದು ಮೇಲಿನ 6 ಮಿ.ಮೀ. ಆಸುಪಾಸು ಮಾತ್ರ. ಪದರದ ಹಲಗೆಯಲ್ಲಿ ಪ್ಲೈವುಡ್ ಮೇಲೆ ಅಂಟಿಸಿದ ಅಸಲಿ ಮರ 4 ಮಿ.ಮೀ. ಇದ್ದರೆ ಅದನ್ನೂ ಎರಡು ಮೂರು ಬಾರಿ ಉಜ್ಜಿ ಹೊಸದಾಗಿಸಬಹುದು. 1 ಮಿ.ಮೀ.ಗಿಂತ ತೆಳುವಾಗಿದ್ದರೆ ಒಮ್ಮೆಯೂ ಆಗದು. ಅಂಗಡಿಯವರು ಹೇಳುವುದು ಒಟ್ಟು ದಪ್ಪ. ತುಂಡನ್ನು ಅಡ್ಡಲಾಗಿ ಹಿಡಿದು ಮೇಲಿನ ಪದರವನ್ನು ನೀವೇ ಅಳೆಯಿರಿ.

ಇನ್ನು ತೇವ. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಹಿಗ್ಗಿ ಕುಗ್ಗುವುದೆಲ್ಲ ಅಗಲಕ್ಕೆ. ಗಾಳಿ ಒಣಗಿದಾಗ ಮಲಗುವ ಕೋಣೆಯ ಹಲಗೆಗಳ ನಡುವೆ ಸಂದು ಬಿಟ್ಟು ಧೂಳೂ ಕೂದಲೂ ಸೇರಿಕೊಳ್ಳುತ್ತವೆ. ಗಾಳಿಯಲ್ಲಿ ತೇವ ಏರಿದಾಗ ಮತ್ತೆ ಮುಚ್ಚಿಕೊಳ್ಳುತ್ತವೆ. ಹಜಾರದಲ್ಲಿ ಈ ಕಾಟ ಕಾಣಲಿಲ್ಲ. ಪ್ಲೈವುಡ್‌ನ ಎಳೆಗಳು ಒಂದಕ್ಕೊಂದು ಅಡ್ಡವಾಗಿದ್ದು ಮೇಲಿನ ಮರವನ್ನು ಹಿಡಿದಿಡುತ್ತವೆ. ಕಾಂಕ್ರೀಟ್ ನೆಲವಾದರೆ, ಅದು ಚೆನ್ನಾಗಿ ಒಣಗಿದ ಮೇಲೆ, ಪದರದ ಹಲಗೆಯನ್ನು ನೇರವಾಗಿ ಅಂಟಿಸಲೂಬಹುದು. ಯಾವುದೇ ಹಲಗೆಯಾಗಲಿ, ಗೋಡೆಯ ಬುಡದಲ್ಲಿ 10 ಮಿ.ಮೀ.ನಷ್ಟು ಜಾಗ ಬಿಡಿಸಲೇಬೇಕು.

ಲ್ಯಾಮಿನೇಟ್ ಮರದ ನೆಲವಲ್ಲ, ಒತ್ತಿದ ನಾರುಹಲಗೆಯ ಮೇಲೆ ಕೂರಿಸಿದ ಮರದ ಚಿತ್ರ. ಗೀರು ತಡೆಯುವುದರಲ್ಲಿ ಮೂರರಲ್ಲೂ ಇದೇ ಮುಂದು, ಒಪ್ಪುತ್ತೇನೆ. ಆದರೆ ಜೋಡಣೆಯೊಳಗೆ ನೀರು ಇಳಿದು ಅಂಚು ಉಬ್ಬಿದರೆ ಮತ್ತೆ ಕೂರುವುದಿಲ್ಲ, ಉಜ್ಜಲು ಅಲ್ಲಿ ಮರವೇ ಇಲ್ಲ.

ಗಟ್ಟಿತನದ ಅಂಕಿಗಳನ್ನು ಎಲ್ಲರೂ ಕೇಳುತ್ತಾರೆ: ಮರಕ್ಕೆ ಉಕ್ಕಿನ ಗುಂಡು ಒತ್ತಿ ನೋಡುವ ಜಾಂಕಾ ಅಳತೆಯಲ್ಲಿ ಬಿಳಿ ಓಕ್ 1360, ವಾಲ್ನಟ್ 1010; ಅಂಕಿ ಹೆಚ್ಚಿದಷ್ಟೂ ಮರ ಗಟ್ಟಿ. ದಿನನಿತ್ಯದ ಬಾಳಿಕೆಯಲ್ಲಿ ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಮೇಲಿನ ಲೇಪ. ಮಲಗುವ ಕೋಣೆಗೆ ಹೊಳಪಿನ ಪಾಲಿಯುರೆಥೇನ್, ಹಜಾರಕ್ಕೆ ಮೇಣ ಬೆರೆತ ಎಣ್ಣೆ. ಮಂಚದ ಕಾಲು ಎಳೆದಾಗ ಪಾಲಿಯುರೆಥೇನ್ ಮೇಲೆ ಬೆಳ್ಳಗಿನ ಗೆರೆ ಮೂಡಿತು. ಅಷ್ಟಕ್ಕೇ ಲೇಪ ಹಚ್ಚಿದರೆ ತೇಪೆಯಂತೆ ಎದ್ದು ಕಾಣುತ್ತದೆ, ಸರಿಯಾಗಬೇಕೆಂದರೆ ಇಡೀ ಕೋಣೆಯನ್ನೇ ಉಜ್ಜಬೇಕು. ಹಜಾರದ ಗೀರನ್ನು ಎಳೆಯ ಜಾಡಿನಲ್ಲೇ ನುಣುಪಾದ ಉಪ್ಪುಕಾಗದದಿಂದ ತೀಡಿ, ಎಣ್ಣೆ ಸವರಿ, ಹೆಚ್ಚಾದದ್ದನ್ನು ಒರೆಸಿದೆ. ಈಗ ಜಾಗ ಹುಡುಕಬೇಕು. ಆ ಎಣ್ಣೆಬಟ್ಟೆಯನ್ನು ಮಾತ್ರ ಮುದುರಿ ಎಸೆಯಬೇಡಿ, ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಿ.

ಎಣ್ಣೆಯ ನೆಲಕ್ಕೆ ಆರೈಕೆ ಹೆಚ್ಚು ಎಂಬುದೂ ನಿಜ. ಓಡಾಟ ಹೆಚ್ಚಿರುವ ಕಡೆ ಆಗಾಗ ಎಣ್ಣೆ ಕೊಡಬೇಕು. ಗಿಡದ ಕುಂಡದ ಒದ್ದೆ ಕಬ್ಬಿಣದ ಸ್ಟ್ಯಾಂಡ್ ಹಜಾರದಲ್ಲಿ ನೀಲಿಗಪ್ಪು ಉಂಗುರ ಬಿಟ್ಟಿತ್ತು. ಓಕ್‌ನಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣದೊಡನೆ ಸೇರಿದಾಗ ಆಗುವುದೇ ಹೀಗೆ. ಆಕ್ಸಾಲಿಕ್ ಆಮ್ಲದ ದ್ರಾವಣಕ್ಕೆ ಅದು ಬಿಟ್ಟಿತು. ಗಟ್ಟಿ ಪಾಲಿಯುರೆಥೇನ್ ಇದ್ದಿದ್ದರೆ ಕಲೆ ಅಷ್ಟು ಸುಲಭವಾಗಿ ಮರಕ್ಕೆ ಇಳಿಯುತ್ತಿರಲಿಲ್ಲ.

ಇಷ್ಟಾದರೂ ಇಡೀ ಮರವೇ ಬೇಕೆನ್ನುವವರು ಕ್ವಾರ್ಟರ್-ಸಾನ್ ಕೊಯ್ತದ ಹಲಗೆ ಕೇಳಿ. ವಾರ್ಷಿಕ ಉಂಗುರಗಳು ಅದರಲ್ಲಿ ನೆಟ್ಟಗೆ ನಿಂತಿರುವುದರಿಂದ ಅಗಲದ ಹಿಗ್ಗು ಮಾಮೂಲಿ ಕೊಯ್ತದ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.