ಒಂದು ಕಂಪ್ಯೂಟರ್, ಮೂರು ಜನ: ನುಡಿ ತಾನಾಗಿ ತೆರೆಯಲು ಯಾವ ದಾರಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ಟಾರ್ಟಪ್ ಫೋಲ್ಡರ್‌ಗೆ, ಅಂದರೆ ಲಾಗಿನ್ ಆದೊಡನೆ ತಾನಾಗಿ ತೆರೆಯಬೇಕಾದವನ್ನು ಇಡುವ ವಿಂಡೋಸ್ ಫೋಲ್ಡರ್‌ಗೆ. ಒಂದು ಪೈಸೆ ಖರ್ಚಿಲ್ಲ. ಆದರೆ ಅಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ನನ್ನ ಜೇಬಿನಿಂದ 899 ರೂಪಾಯಿ ಹೋಗಿತ್ತು.

ತಿಪಟೂರಿನಲ್ಲಿ ನಮ್ಮದು ಜೆರಾಕ್ಸ್, ಡಿಟಿಪಿ ಅಂಗಡಿ. ಟೈಪಿಂಗ್‌ಗೆ ಇರುವ ಕಂಪ್ಯೂಟರ್ ಒಂದೇ, ಕೂರುವವರು ಮೂರು ಜನ. ಬೆಳಿಗ್ಗೆ ನಾನು, ಮಧ್ಯಾಹ್ನ ನನ್ನ ಹೆಂಡತಿ, ಸಂಜೆ ಕೆಲಸಕ್ಕೆ ಬರುವ ಹುಡುಗಿ. ಮೂವರಿಗೂ ಬೇರೆ ಬೇರೆ ಖಾತೆ, ಅಡ್ಮಿನ್ ನಾನೊಬ್ಬನೇ. ಯಾರು ಲಾಗಿನ್ ಆದರೂ ಎರಡು ತಾನಾಗಿ ತೆರೆಯಬೇಕು: ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್ ನುಡಿ, ಮತ್ತೆ ನಮ್ಮ ರೇಟ್ ಪಟ್ಟಿ. ನುಡಿ ಓಡುತ್ತಿಲ್ಲ ಅಂದರೆ ಕನ್ನಡಕ್ಕೆ ತಿರುಗಿಸುವ ಸ್ಕ್ರಾಲ್ ಲಾಕ್ ಕೀ ಎಷ್ಟು ಒತ್ತಿದರೂ ಇಂಗ್ಲಿಷ್ ಅಕ್ಷರವೇ ಬೀಳುತ್ತದೆ. ಎದುರಿಗೆ ಅರ್ಜಿ ಬರೆಸಲು ಬಂದವರು ನಿಂತಿರುತ್ತಾರೆ.

ಆ 899 ರೂಪಾಯಿ ಹೋಗಿದ್ದು ಒಂದು 'ಸ್ಪೀಡ್ ಹೆಚ್ಚಿಸುವ' ಸಾಫ್ಟ್‌ವೇರ್‌ಗೆ. ಹೆಸರು ಬೇಡ. ಯಾವುದು ಶುರುವಾಗಬೇಕು, ಯಾವುದು ಬೇಡ ಅಂತ ಒಂದೇ ಕಡೆ ಗುಂಡಿ ಒತ್ತಿದರೆ ಸಾಕು ಅಂದಿದ್ದರು. ಒತ್ತಿದೆ. ನನ್ನ ಖಾತೆಯಲ್ಲಿ ಬದಲಾಯಿತು, ಉಳಿದ ಇಬ್ಬರ ಖಾತೆಯಲ್ಲಿ ಏನೂ ಆಗಲಿಲ್ಲ. ಇನ್ನೂ ತಮಾಷೆ ಅಂದರೆ, ಸ್ಟಾರ್ಟಪ್ ಕಡಿಮೆ ಮಾಡಲು ತಂದ ಆ ಸಾಫ್ಟ್‌ವೇರ್ ಮಾತ್ರ ಮೂವರಿಗೂ ತಪ್ಪದೆ ಶುರುವಾಗುತ್ತಿತ್ತು!

ಅದನ್ನು ಬಿಟ್ಟು ವಿಂಡೋಸ್ ಒಳಗೇ ಇರುವ ದಾರಿಗಳನ್ನು ಒಂದೊಂದಾಗಿ ನೋಡಿದೆ.

ಟಾಸ್ಕ್ ಮ್ಯಾನೇಜರ್ ಎಲ್ಲರಿಗೂ ಗೊತ್ತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಸ್ಟಾರ್ಟಪ್ ಪುಟಕ್ಕೆ ಹೋಗಬೇಕು. ವಿಂಡೋಸ್ 8ರಿಂದ ಅದು ಅಲ್ಲೇ ಇದೆ, ಅದಕ್ಕೂ ಮುಂಚೆ ಎಂಎಸ್‌ಕಾನ್ಫಿಗ್ ಅನ್ನುವ ವಿಂಡೋಸ್‌ನ ಇನ್ನೊಂದು ಪ್ರೋಗ್ರಾಂನಲ್ಲಿ ಇತ್ತು. ಬೇಡದ್ದನ್ನು ನಿಲ್ಲಿಸಲು ಒಳ್ಳೆಯದು. ಆದರೆ ಹೊಸದನ್ನು ಸೇರಿಸಲು ಅಲ್ಲಿ ದಾರಿಯೇ ಇಲ್ಲ. ಒಬ್ಬರ ಖಾತೆಯೊಳಗೆ ಮಾತ್ರ ಕೂತಿರುವ ಪ್ರೋಗ್ರಾಂ ಆದರೆ ಅವರವರ ಲಾಗಿನ್‌ನಲ್ಲೇ ಹೋಗಿ ನಿಲ್ಲಿಸಬೇಕು. ನನ್ನ ಕೆಲಸಕ್ಕೆ ಇದು ಅರ್ಧ ದಾರಿ.

ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ, ಎರಡನೆಯದು. ಅದರಲ್ಲಿ 'ರನ್' ಅನ್ನುವ ಕೀ ಎರಡು ಕಡೆ ಇರುತ್ತದೆ. ಕರೆಂಟ್ ಯೂಸರ್ ಕೆಳಗಿನದು ಈಗ ಲಾಗಿನ್ ಆದವರಿಗೆ ಮಾತ್ರ, ಲೋಕಲ್ ಮಷೀನ್ ಕೆಳಗಿನದು ಎಲ್ಲರಿಗೂ. ಎರಡನೆಯದರಲ್ಲಿ ಒಂದು ಸಾಲು ಸೇರಿಸಿದೆ, ಕೆಲಸ ಮಾಡಿತು. ತಪ್ಪು ಹುಡುಕೋಕೆ ಆಗಲ್ಲ. ಆದರೂ ಅಲ್ಲಿ ಕೈ ಹಾಕಿದಾಗೆಲ್ಲ ನನಗೆ ಬೇರೆಯವರ ಬೀರು ತೆಗೆದ ಹಾಗೆ ಅನಿಸುತ್ತದೆ. ತಪ್ಪಿ ಪಕ್ಕದ ಸಾಲು ಅಳಿಸಿದರೆ ಅಲ್ಲಿ ಅನ್‌ಡೂ ಇಲ್ಲ. ನಾನಿಲ್ಲದ ದಿನ ನನ್ನ ಹೆಂಡತಿ ಅದನ್ನು ತೆರೆದು ಸರಿ ಮಾಡುತ್ತಾಳೆ ಅನ್ನುವುದೂ ಆಗದ ಮಾತು.

ಆಮೇಲೆ ಟಾಸ್ಕ್ ಶೆಡ್ಯೂಲರ್, ಹೇಳಿದ ಹೊತ್ತಿಗೆ ಹೇಳಿದ ಪ್ರೋಗ್ರಾಂ ಓಡಿಸುವಂಥದ್ದು. ತಿಳಿದವರೆಲ್ಲ ಇದನ್ನೇ ಹೊಗಳುತ್ತಾರೆ. ಲಾಗಿನ್ ಆಗಿ ಒಂದು ನಿಮಿಷ ಬಿಟ್ಟು ಶುರು ಮಾಡು ಅಂತ ಬೇಕಾದರೂ ಹೇಳಬಹುದು. ನಾನೂ ಖುಷಿಯಿಂದ 'ಎನಿ ಯೂಸರ್' ಲಾಗಿನ್ ಆದಾಗ ನುಡಿ ತೆರೆ ಅಂತ ಬರೆದಿಟ್ಟೆ. ಮರುದಿನ ಹೆಂಡತಿ ಲಾಗಿನ್ ಆದಳು, ನುಡಿ ಬರಲಿಲ್ಲ. ಯಾರು ಲಾಗಿನ್ ಆದಾಗ ಅನ್ನುವುದು ಬೇರೆ, ಯಾರ ಹೆಸರಿನಲ್ಲಿ ಓಡಬೇಕು ಅನ್ನುವುದು ಬೇರೆ. ಎರಡನೆಯದರಲ್ಲಿ ನನ್ನ ಹೆಸರೇ ಇತ್ತು. ಅದನ್ನು 'ಯೂಸರ್ಸ್' ಅನ್ನುವ ಗುಂಪಿಗೆ ಬದಲಾಯಿಸಿದೆ. ಬಂತು. ನಾನು ಲಾಗೌಟ್ ಆಗದೆ ಸುಮ್ನೆ ಸ್ವಿಚ್ ಯೂಸರ್ ಮಾಡಿ ಎದ್ದ ದಿನ ಮತ್ತೆ ಬರಲಿಲ್ಲ. ಒಂದು ಪ್ರತಿ ಆಗಲೇ ಓಡುತ್ತಿದ್ದರೆ ಇನ್ನೊಂದನ್ನು ತೆರೆಯಬೇಡ ಅನ್ನುವುದು ಅಲ್ಲಿ ಮೊದಲಿಂದ ಇರುವ ಆಯ್ಕೆ. ಅದನ್ನೂ ಬದಲಾಯಿಸಿದೆ.

ಇಷ್ಟಾದ ಮೇಲೆ ಎರಡು ವಾರ ನೆಮ್ಮದಿ. ಆಮೇಲೆ ಒಂದು ಸಂಜೆ ಹುಡುಗಿ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದಾಗ ಕರೆಂಟ್ ಹೋಯಿತು. ಯುಪಿಎಸ್ ಇದೆ, ಕಂಪ್ಯೂಟರ್ ಆರಲಿಲ್ಲ. ಅವಳು ಟೈಪ್ ಮಾಡುತ್ತಲೇ ಇದ್ದಳು. 'ಮುಹೂರ್ತ'ದ ಮಧ್ಯದಲ್ಲಿ ಅಕ್ಷರ ಇಂಗ್ಲಿಷ್‌ಗೆ ತಿರುಗಿತು. "ಅಣ್ಣಾ, ನುಡಿ ಎದ್ದು ಹೋಯ್ತು" ಅಂದಳು. ಏನೋ ಒತ್ತಿರಬೇಕು ಅಂತ ನಾನು ಅವಳ ಮೇಲೇ ರೇಗಿದೆ.

ಮತ್ತೊಂದು ದಿನ ಬೆಳಿಗ್ಗೆ ಕರೆಂಟ್ ಇಲ್ಲದಾಗಲೇ ಕಂಪ್ಯೂಟರ್ ಹಾಕಿದೆ. ನುಡಿ ಬರಲೇ ಇಲ್ಲ. ಕೀಬೋರ್ಡ್ ಬದಲಾಯಿಸಿದೆ. ನುಡಿಯನ್ನು ತೆಗೆದು ಮತ್ತೆ ಹಾಕಿದೆ. ಅಷ್ಟರಲ್ಲಿ ಕರೆಂಟ್ ಬಂತು, ರೀಸ್ಟಾರ್ಟ್ ಮಾಡಿದೆ, ನುಡಿ ಬಂತು. ಮತ್ತೆ ಹಾಕಿದ್ದಕ್ಕೇ ಸರಿಯಾಯಿತು ಅಂದುಕೊಂಡೆ. ನಾಲ್ಕು ದಿನ ಬಿಟ್ಟು ಮತ್ತದೇ ಕಥೆ. ಕರೆಂಟಿಗೂ ನುಡಿಗೂ ಏನು ಸಂಬಂಧ ಅಂತ ತಲೆ ಕೆರೆದುಕೊಂಡೆ.

ಸಂಬಂಧ ಇತ್ತು. ಟಾಸ್ಕ್ ಶೆಡ್ಯೂಲರ್‌ನ 'ಕಂಡಿಷನ್ಸ್' ಪುಟದಲ್ಲಿ ಎರಡು ಟಿಕ್ ಮೊದಲಿಂದಲೇ ಬಿದ್ದಿರುತ್ತವೆ. ಕರೆಂಟ್ ಇದ್ದರೆ ಮಾತ್ರ ಶುರು ಮಾಡು ಅನ್ನುವುದು ಒಂದು. ಬ್ಯಾಟರಿಗೆ ಹೋದರೆ ನಿಲ್ಲಿಸು ಅನ್ನುವುದು ಇನ್ನೊಂದು. ಲ್ಯಾಪ್‌ಟಾಪ್‌ಗೆ ಸರಿ, ನನ್ನದು ಡೆಸ್ಕ್‌ಟಾಪ್ ಅಲ್ವಾ? ಆದರೆ ಯುಪಿಎಸ್ ಜೊತೆ ಬಂದ ಯುಎಸ್‌ಬಿ ಕೇಬಲ್ ಅನ್ನು ನಾನೇ ಕಂಪ್ಯೂಟರ್‌ಗೆ ಚುಚ್ಚಿದ್ದೆ. ಅದು ಇದ್ದರೆ ವಿಂಡೋಸ್‌ಗೆ ಯುಪಿಎಸ್ ಕೂಡ ಒಂದು ಬ್ಯಾಟರಿ. ಮೂಲೆಯಲ್ಲಿ ಬ್ಯಾಟರಿ ಚಿತ್ರ ತಿಂಗಳಿಂದ ಕಾಣುತ್ತಿತ್ತು, ನನಗೆ ಹೊಳೆದಿರಲಿಲ್ಲ. ಎರಡೂ ಟಿಕ್ ತೆಗೆದೆ, ರೋಗ ವಾಸಿಯಾಯಿತು. ಹುಡುಗಿಗೆ ಒಂದು ಮಸಾಲೆ ದೋಸೆ ಕೊಡಿಸಿದೆ. ಆದರೆ ಅಷ್ಟು ಹೊತ್ತಿಗೆ ಶೆಡ್ಯೂಲರ್ ಮೇಲೆ ನನಗೆ ಮನಸ್ಸು ಮುರಿದಿತ್ತು. ಒಂದು ಪ್ರೋಗ್ರಾಂ ತೆರೆಯೋಕೆ ಐದು ಪುಟ, ಒಂದೊಂದರಲ್ಲೂ ಒಂದು ಗುಟ್ಟಿನ ಟಿಕ್!

ಈಗ ನನ್ನ ಫೋಲ್ಡರ್‌ಗೆ ಬರುತ್ತೇನೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಇಂಗ್ಲಿಷ್‌ನಲ್ಲಿ 'ಶೆಲ್:ಕಾಮನ್ ಸ್ಟಾರ್ಟಪ್' ಅಂತ ಹೊಡೆದರೆ ಅದು ತೆರೆಯುತ್ತದೆ. 'ಕಾಮನ್' ಮರೆಯಬೇಡಿ. ಮರೆತರೆ ನಿಮ್ಮೊಬ್ಬರ ಫೋಲ್ಡರ್ ತೆರೆಯುತ್ತದೆ, ನೋಡಲು ಎರಡೂ ಒಂದೇ ಥರ. ಒಳಗೆ ನುಡಿಯ ಶಾರ್ಟ್‌ಕಟ್ ಪೇಸ್ಟ್ ಮಾಡಿದೆ. ಅಡ್ಮಿನ್ ಒಪ್ಪಿಗೆ ಕೇಳಿತು, ಕೊಟ್ಟೆ. ಮುಗಿಯಿತು. ಕರೆಂಟ್ ಇರಲಿ ಬಿಡಲಿ, ಯಾರೇ ಲಾಗಿನ್ ಆಗಲಿ, ನುಡಿ ಬರುತ್ತದೆ. ಬೇಡವಾದರೆ ಶಾರ್ಟ್‌ಕಟ್ ಅಳಿಸಿದರಾಯಿತು.

ಇಲ್ಲೂ ಒಂದು ಸಲ ಎಡವಿದೆ. ರೇಟ್ ಪಟ್ಟಿಯ ಫೈಲ್ ನನ್ನ ಡೆಸ್ಕ್‌ಟಾಪ್ ಮೇಲೆ ಇತ್ತು, ಶಾರ್ಟ್‌ಕಟ್ ಮಾತ್ರ ಫೋಲ್ಡರ್‌ಗೆ ಹಾಕಿದ್ದೆ. ನನ್ನ ಡೆಸ್ಕ್‌ಟಾಪ್ ಒಳಗೆ ಬೇರೆಯವರಿಗೆ ಪ್ರವೇಶ ಇಲ್ಲವಲ್ಲ, ಅವರಿಬ್ಬರಿಗೂ ಪಟ್ಟಿಯ ಬದಲು ಎರರ್ ತೆರೆಯುತ್ತಿತ್ತು. ಫೈಲ್ ಅನ್ನು ಪಬ್ಲಿಕ್ ಫೋಲ್ಡರ್‌ಗೆ ಸಾಗಿಸಿ ಹೊಸ ಶಾರ್ಟ್‌ಕಟ್ ಮಾಡಿದೆ.

ಫೋಲ್ಡರ್‌ನಿಂದ ಆಗದ ಕೆಲಸ ಒಂದಿದೆ. ತೆರೆಯುವಾಗ 'ಎಸ್, ನೋ' ಅಂತ ಅಡ್ಮಿನ್ ಅನುಮತಿ ಕೇಳುವ ಪ್ರೋಗ್ರಾಂಗಳು ಅಲ್ಲಿಂದ ಶುರುವಾಗುವುದಿಲ್ಲ. ನನ್ನ ಬ್ಯಾಕಪ್ ಪ್ರೋಗ್ರಾಂ ಅಂಥದ್ದು. ಅದು ನನ್ನೊಬ್ಬನಿಗೆ ಸಾಕು, ಹಾಗಾಗಿ ಶೆಡ್ಯೂಲರ್‌ನಲ್ಲೇ ಉಳಿದಿದೆ. ಅಲ್ಲಿ 'ಹೈಯೆಸ್ಟ್ ಪ್ರಿವಿಲೇಜಸ್' ಟಿಕ್ ಹಾಕಿದರೆ ಕೇಳದೆ ಓಡುತ್ತದೆ.

ಆಟೋರನ್ಸ್ ಬಗ್ಗೆ ಒಂದು ಮಾತು. ಸಿಸ್‌ಇಂಟರ್ನಲ್ಸ್ ಅನ್ನುವವರು ಮಾಡಿದ ಪ್ರೋಗ್ರಾಂ, 2006ರಿಂದ ಮೈಕ್ರೋಸಾಫ್ಟ್ ಕೈಯಲ್ಲಿದೆ, ಉಚಿತ. ತಾನಾಗಿ ಶುರುವಾಗುವ ಎಲ್ಲವನ್ನೂ, ರಿಜಿಸ್ಟ್ರಿ, ಫೋಲ್ಡರ್, ಶೆಡ್ಯೂಲರ್, ಹಿನ್ನೆಲೆಯಲ್ಲಿ ಓಡುವ ಸರ್ವೀಸ್ ಎಲ್ಲ ಸೇರಿ, ಒಂದೇ ಪಟ್ಟಿಯಲ್ಲಿ ತೋರಿಸುತ್ತದೆ. ಮೊದಲ ಸಲ ನೋಡಿದರೆ ಎದೆ ಝಲ್ ಅನ್ನುವಷ್ಟು ಉದ್ದ ಇರುತ್ತದೆ. ಮೈಕ್ರೋಸಾಫ್ಟ್‌ನವನ್ನು ಮರೆಮಾಡುವ ಆಯ್ಕೆ ಒತ್ತಿದ ಮೇಲೇ ಓದಬಹುದು. ಫೈಲ್ ಇಲ್ಲದೆ ಹೆಸರು ಮಾತ್ರ ಉಳಿದವು ಹಳದಿ ಬಣ್ಣದಲ್ಲಿರುತ್ತವೆ. ನನ್ನ 899 ರೂಪಾಯಿಯ ಸಾಫ್ಟ್‌ವೇರ್ ತೆಗೆದು ಎಷ್ಟೋ ದಿನವಾಗಿತ್ತು, ಅದರ ಎರಡು ಹಳದಿ ಸಾಲು ಅಲ್ಲೇ ಕೂತಿದ್ದವು. ದಿನಾ ತೆರೆಯುವ ಸಾಮಾನಲ್ಲ. ಮೂರು ತಿಂಗಳಿಗೊಮ್ಮೆ ಇಣುಕುತ್ತೇನೆ.

ನೂರು ಕಂಪ್ಯೂಟರ್ ಇರುವ ಆಫೀಸಿನವರಿಗೆ ನನ್ನ ದಾರಿ ಸಾಲದು. ನನಗೆ ಇರುವುದು ಒಂದು ಕಂಪ್ಯೂಟರ್, ಮೇಜಿನ ಗಾಜಿನ ಕೆಳಗೆ ಚೀಟಿ ಇಟ್ಟುಕೊಳ್ಳುವ ಅಭ್ಯಾಸ. 'ಶೆಲ್:ಕಾಮನ್ ಸ್ಟಾರ್ಟಪ್' ಅನ್ನುವ ಆ ಒಂದು ಸಾಲು ಈಗ ಅಲ್ಲೇ ಇದೆ. ಹೋದ ತಿಂಗಳು ನಾನು ಹಾಸನಕ್ಕೆ ಮದುವೆಗೆ ಹೋಗಿದ್ದಾಗ, ಕ್ಯಾಲ್ಕುಲೇಟರ್ ಕೂಡ ತಾನಾಗಿ ಬರಬೇಕು ಅಂತ ಹುಡುಗಿ ಫೋನ್ ಮಾಡಿದಳು. ಚೀಟಿ ನೋಡಿಕೊಂಡು ಅವಳೇ ಹಾಕಿದಳು, ಎರಡು ನಿಮಿಷ ಹಿಡಿಯಲಿಲ್ಲ. ಫೋನಿನಲ್ಲಿ ಹೇಳಿದ್ದ ಅಡ್ಮಿನ್ ಪಾಸ್‌ವರ್ಡ್ ಅನ್ನು ಮಾರನೇ ದಿನ ಬಂದು ಬದಲಾಯಿಸಿದೆ. ಹೊಸದನ್ನು ಮಾತ್ರ ಗಾಜಿನ ಕೆಳಗೆ ಇಟ್ಟಿಲ್ಲ.